ಹುಳುಕಡ್ಡಿ ಫಂಗಸ್ ಕೂಡ ಪೆನಿಸಿಲಿನ್ ತಯಾರಿಸುತ್ತಂತೆ, ನಿಜಾನಾ?

ಕಾಡುಸಂಪಿಗೆ
ಎಲ್ಲರಿಗೂ ನಮಸ್ಕಾರ. ಹೋದ ವಾರ ಗಂಟಲು ನೋವು, ಜ್ವರ ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ಅಮಾಕ್ಸಿಸಿಲಿನ್ ಬರೆದುಕೊಟ್ಟರು, ಅದು ಪೆನಿಸಿಲಿನ್ ಜಾತಿಯದ್ದಂತೆ. ಮೊದಲ ಮಾತ್ರೆ ನುಂಗಿ ಅರ್ಧ ಗಂಟೆ ಆಗಿರಲಿಲ್ಲ, ಮೈತುಂಬ ದದ್ದು ಎದ್ದು ತುಟಿ ಊದಿಕೊಂಡಿತು. ತುಂಬ ಹೆದರಿಬಿಟ್ಟೆ. ಕೂಡಲೇ ಇಂಜೆಕ್ಷನ್ ಕೊಟ್ಟರು, ಈಗ ಹುಷಾರಾಗಿದ್ದೇನೆ.

ಆಮೇಲೆ ಡಾಕ್ಟರ್ ಕೇಳಿದರು, ಪೆನಿಸಿಲಿನ್ ಜಾತಿಯ ಔಷಧ ಮುಂಚೆ ತಗೊಂಡಿದ್ರಾ ಅಂತ. ನನಗೆ ಗೊತ್ತಿದ್ದ ಹಾಗೆ ಇಲ್ಲ. ಅಮ್ಮನನ್ನು ಕೇಳಿದೆ, ಅವರಿಗೂ ನೆನಪಿಲ್ಲ. ಅಲ್ಲೇ ಇದ್ದ ಇನ್ನೊಬ್ಬ ಡಾಕ್ಟರ್ ನನ್ನ ಕಾಲು ನೋಡಿದರು. ಆರು ವರ್ಷದಿಂದ ನನ್ನ ಕಾಲ್ಬೆರಳ ಸಂದಿಯಲ್ಲಿ ಫಂಗಸ್ ಇದೆ, ಹೋಗುತ್ತೆ, ಮತ್ತೆ ಬರುತ್ತೆ. "ಈ ಫಂಗಸ್ಸೇ ಪೆನಿಸಿಲಿನ್ ಥರದ್ದು ತಯಾರಿಸುತ್ತೆ, ಅದರಿಂದಲೂ ನಿಮ್ಮ ಮೈಗೆ ಪರಿಚಯ ಆಗಿರಬಹುದು" ಅಂದರು.

ಇದು ನಿಜವಾ? ಚರ್ಮದ ಕಾಯಿಲೆ ತರುವ ಫಂಗಸ್ ಔಷಧ ಹೇಗೆ ತಯಾರಿಸುತ್ತೆ? ಗೊತ್ತಿರುವವರು ದಯವಿಟ್ಟು ಹೇಳಿ.

ಮಳೆಬಿಲ್ಲು
ಇಲ್ಲ ಅನ್ಸುತ್ತೆ. ಪೆನಿಸಿಲಿನ್ ಬರುವುದು ಹಸಿರು ಬೂಷ್ಟಿನಿಂದ. ಹುಳುಕಡ್ಡಿಗೂ ಅದಕ್ಕೂ ಏನು ಸಂಬಂಧ? ಅವರು ಸುಮ್ನೆ ಒಂದು ಮಾತು ಹೇಳಿರಬೇಕು.

ಲ್ಯಾಬ್_ಕಿಟಕಿ
ಮಳೆಬಿಲ್ಲು ಅವರೇ, ಸುಮ್ನೆ ಹೇಳಿದ್ದಲ್ಲ. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇದು ಎಂಬತ್ತು ವರ್ಷ ಹಳೆಯ ವಿಷಯ.

ಹುಳುಕಡ್ಡಿ, ಕಾಲ್ಬೆರಳ ಸಂದಿಯ ತುರಿಕೆ, ಉಗುರಿನ ಫಂಗಸ್ ಇವನ್ನೆಲ್ಲ ತರುವ ಗುಂಪಿಗೆ ಡರ್ಮಟೊಫೈಟ್ ಅಂತಾರೆ. ಟ್ರೈಕೊಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೊಫೈಟಾನ್ ಇದರಲ್ಲಿ ಮುಖ್ಯವಾದವು. ಇವು ಬದುಕುವುದು ಕೆರಾಟಿನ್ ತಿಂದು. ಅಂದರೆ ಚರ್ಮದ ಮೇಲಿನ ಸತ್ತ ಪದರ, ಕೂದಲು, ಉಗುರು.

1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಎಲ್ಲರಿಗೂ ಗೊತ್ತು. ಅದು ಔಷಧವಾಗಿ ಬಳಕೆಗೆ ಬಂದ ಕೆಲವೇ ವರ್ಷಕ್ಕೆ, 1945ರಲ್ಲಿ, ಅಮೆರಿಕದ ಸ್ಯಾಮ್ಯುಯಲ್ ಪೆಕ್ ಮತ್ತು ವಿಲಿಯಂ ಹೆವಿಟ್ ಅನ್ನುವವರು ಡರ್ಮಟೊಫೈಟ್‌ಗಳೂ ಪೆನಿಸಿಲಿನ್ ಥರದ ವಸ್ತು ತಯಾರಿಸುತ್ತವೆ ಅಂತ ಬರೆದರು. ಬೆಳೆಸಿದ ದ್ರವವನ್ನು ಸೋಸಿ ಸ್ಟೆಫೈಲೊಕಾಕಸ್ ಮೇಲೆ ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯುತ್ತಿರಲಿಲ್ಲ. ಪೆನಿಸಿಲಿನ್ ಒಡೆಯುವ ಕಿಣ್ವ ಸೇರಿಸಿದರೆ ಆ ಶಕ್ತಿ ಹೋಗುತ್ತಿತ್ತು. ಪೆನಿಸಿಲಿನ್ ಬಳಗದ್ದು ಅಂತ ಗುರುತಿಸುವುದು ಹೀಗೇ.

ಒಂದು ಮಾತು ನೆನಪಿಡಿ. ಎಲ್ಲ ಡರ್ಮಟೊಫೈಟೂ ತಯಾರಿಸುವುದಿಲ್ಲ. ಒಂದೇ ಜಾತಿಯಲ್ಲೂ ಒಂದು ತಳಿ ಜಾಸ್ತಿ ಕೊಡುತ್ತೆ, ಇನ್ನೊಂದು ಏನೂ ಕೊಡಲ್ಲ. ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪಿನ ಹೆಸರು ಪದೇ ಪದೇ ಬರುತ್ತೆ.

ಮಳೆಬಿಲ್ಲು
ಹೌದಾ! ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಹಾಗಾದರೆ ಇನ್ನೊಂದು ಪ್ರಶ್ನೆ. ಅದು ಪೆನಿಸಿಲಿನ್ ತಯಾರಿಸುವುದು ಯಾಕೆ? ಅದಕ್ಕೇನು ಲಾಭ?

ಲ್ಯಾಬ್_ಕಿಟಕಿ
ಜಾಗಕ್ಕಾಗಿ ಜಗಳ. ಚರ್ಮದ ಮೇಲೆ ಫಂಗಸ್ ಒಂದೇ ಇರುವುದಿಲ್ಲ, ಬ್ಯಾಕ್ಟೀರಿಯಾ ಕೂಡ ಬೇಕಾದಷ್ಟಿರುತ್ತವೆ. ಪಕ್ಕದವರನ್ನು ಸಾಯಿಸಿದರೆ ತನಗೆ ಜಾಗ ಸಿಗುತ್ತೆ. ಬ್ಯಾಕ್ಟೀರಿಯಾಕ್ಕೆ ಪೆಪ್ಟಿಡೋಗ್ಲೈಕಾನ್ ಅನ್ನುವ ವಸ್ತುವಿನ ಗೋಡೆ ಇದೆ. ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತೆ. ಫಂಗಸ್ಸಿನ ಗೋಡೆ ಬೇರೆ, ಕೈಟಿನ್ ಮತ್ತು ಗ್ಲುಕಾನ್‌ನದ್ದು. ಹಾಗಾಗಿ ತಾನು ತಯಾರಿಸಿದ ವಿಷ ತನಗೆ ತಟ್ಟುವುದಿಲ್ಲ. ಪೆನಿಸಿಲಿನ್ ಮಾತ್ರೆ ನುಂಗಿದರೆ ಹುಳುಕಡ್ಡಿ ಹೋಗದೆ ಇರುವುದಕ್ಕೂ ಇದೇ ಕಾರಣ.

ಅರಳಿಕಟ್ಟೆ
ಅಂದರೆ ಹುಳುಕಡ್ಡಿ ಇದ್ದ ಜಾಗದಲ್ಲಿ ಬೇರೆ ಸೋಂಕು ಬರಲ್ಲ ಅಂತಾಯ್ತು. ಮೈಮೇಲೇ ಔಷಧ ತಯಾರಾಗುತ್ತೆ ಅಲ್ವಾ? ಹಾಗಿದ್ದರೆ ಅದನ್ನು ಹಾಗೇ ಬಿಟ್ಟರೂ ನಷ್ಟ ಇಲ್ಲ.

ಚರ್ಮದ_ಡಾಕ್ಟರ್
ಅರಳಿಕಟ್ಟೆ ಸರ್, ದಯವಿಟ್ಟು ಹಾಗೆ ಬಿಡಬೇಡಿ. ಆಗುವುದು ಉಲ್ಟಾ.

1978ರಲ್ಲಿ ಜೇಮ್ಸ್ ಲೇಡನ್ ಮತ್ತು ಆಲ್ಬರ್ಟ್ ಕ್ಲಿಗ್ಮನ್ ಅನ್ನುವ ಚರ್ಮತಜ್ಞರು ಕಾಲ್ಬೆರಳ ಸಂದಿಯ ಸೋಂಕಿನ ಬಗ್ಗೆ ಬರೆದಿದ್ದಾರೆ. ಮೊದಲು ಫಂಗಸ್ ಬರುತ್ತೆ. ಒಣ ಹೊಟ್ಟು ಏಳುತ್ತೆ, ಸ್ವಲ್ಪ ತುರಿಕೆ, ಅಷ್ಟೇ. ಇದು ಸರಳ ಹಂತ. ಆಮೇಲೆ ಬೆವರು, ಬಿಗಿ ಶೂ, ತೇವ ಸೇರಿದಾಗ ಬ್ಯಾಕ್ಟೀರಿಯಾ ನುಗ್ಗುತ್ತವೆ. ಚರ್ಮ ಬೆಳ್ಳಗೆ ನೆನೆದಂತಾಗಿ, ಸೀಳಿ, ವಾಸನೆ ಬಂದು, ನೋವಾಗುತ್ತೆ. ಫಂಗಸ್ ತಯಾರಿಸುವ ಆಂಟಿಬಯೋಟಿಕ್ ದುರ್ಬಲ ಬ್ಯಾಕ್ಟೀರಿಯಾವನ್ನು ಸಾಯಿಸುತ್ತೆ. ಅದಕ್ಕೆ ಬಗ್ಗದವು ಉಳಿದುಕೊಂಡು ಆ ಜಾಗವನ್ನೆಲ್ಲ ಹಿಡಿಯುತ್ತವೆ. ಹಾಗಾಗಿ ಅಲ್ಲಿ ಸಿಗುವುದು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಸೋಂಕು ಜೋರಾದಷ್ಟೂ ಕೆರೆದು ತೆಗೆದ ಚರ್ಮದಲ್ಲಿ ಫಂಗಸ್ ಕಾಣಿಸುವುದೇ ಕಡಿಮೆ ಆಗುತ್ತೆ. ಬಾಗಿಲು ತೆರೆದವನೇ ಕೊನೆಗೆ ಮನೆಯಲ್ಲಿರುವುದಿಲ್ಲ.

ನಾನು ದಿನಾ ನೋಡುವುದು ಇದನ್ನೇ. ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಈ ಸೀಳಿನಿಂದಲೇ ಬ್ಯಾಕ್ಟೀರಿಯಾ ಒಳಗೆ ಹೋಗಿ ಇಡೀ ಕಾಲು ಊದಿಕೊಂಡು ಆಸ್ಪತ್ರೆ ಸೇರುವ ಹಾಗಾಗುತ್ತೆ. "ಬರೀ ತುರಿಕೆ" ಅಂತ ಬಿಟ್ಟವರನ್ನು ನೋಡಿ ಎಷ್ಟೋ ಸಲ ಸಂಕಟ ಆಗಿದೆ.

ಅರಳಿಕಟ್ಟೆ
ಅರ್ಥ ಆಯ್ತು ಡಾಕ್ಟ್ರೇ. ನಮ್ಮ ತಂದೆಗೂ ಸಕ್ಕರೆ ಕಾಯಿಲೆ ಇದೆ. ಇವತ್ತೇ ಅವರ ಬೆರಳ ಸಂದಿ ನೋಡ್ತೀನಿ.

ದನದ_ಡಾಕ್ಟ್ರು
ಈ ವಿಷಯ ಬಂದಾಗ ನಾನು ಸುಮ್ಮನೆ ಇರಲಾರೆ. ನಾನು ಪಶುವೈದ್ಯ. ಇದರ ಬಹಳ ಒಳ್ಳೆಯ ಕಥೆ ಇರುವುದು ಮುಳ್ಳುಹಂದಿಯ ಮೈಮೇಲೆ.

ನ್ಯೂಜಿಲೆಂಡಿಗೆ ಈ ಪ್ರಾಣಿಯನ್ನು 19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ತಂದು ಬಿಟ್ಟರು. ಅದರ ಜೊತೆ ಅದರ ಚರ್ಮದ ಫಂಗಸ್ ಕೂಡ ಬಂತು, ಟ್ರೈಕೊಫೈಟಾನ್ ಎರಿನೇಸಿ. 1960ರ ದಶಕದಲ್ಲಿ ಅಲ್ಲಿನ ಸ್ಮಿತ್ ಮತ್ತು ಮೇರಿ ಮಾರ್ಪಲ್ಸ್ ಅನ್ನುವವರು ಈ ಪ್ರಾಣಿಗಳ ಚರ್ಮ ಪರೀಕ್ಷಿಸಿದರು. ಫಂಗಸ್ ಇದ್ದ ಮೈಮೇಲೆ ಪೆನಿಸಿಲಿನ್‌ಗೆ ಜಗ್ಗದ ಸ್ಟೆಫೈಲೊಕಾಕಸ್ ಆರಿಯಸ್ ಸಿಕ್ಕಿತು! ಯೋಚನೆ ಮಾಡಿ. ಪೊದೆಯಲ್ಲಿ ಹುಳ ಹಿಡಿದು ತಿನ್ನುವ ಪ್ರಾಣಿಗೆ ಯಾವ ಡಾಕ್ಟರ್ ಪೆನಿಸಿಲಿನ್ ಕೊಟ್ಟಿದ್ದರು? ಅದರ ಫಂಗಸ್ಸೇ ಪೆನಿಸಿಲಿನ್ ತಯಾರಿಸುತ್ತಿತ್ತು, ಬ್ಯಾಕ್ಟೀರಿಯಾ ಅದನ್ನು ಎದುರಿಸಲು ಕಲಿತಿತ್ತು. 1964ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು.

ನೀಲಿಕುರಿಂಜಿ
ದನದ ಡಾಕ್ಟ್ರೇ, ಒಂದು ತಿದ್ದುಪಡಿ. ನೀವು ಹೇಳುತ್ತಿರುವುದು ಹೆಜ್‌ಹಾಗ್ ಅಲ್ವಾ? ಮುಳ್ಳುಹಂದಿ ಅಂದರೆ ಪೊರ್ಕುಪೈನ್. ಅದು ಇಲಿ, ಅಳಿಲಿನ ಬಳಗದ ದೊಡ್ಡ ಪ್ರಾಣಿ, ಮುಳ್ಳು ಉದ್ದ, ಬೇರು ಗೆಡ್ಡೆ ತಿನ್ನುತ್ತೆ. ಹೆಜ್‌ಹಾಗ್ ಸಣ್ಣ ಪ್ರಾಣಿ, ಹುಳ ತಿನ್ನುತ್ತೆ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ. ಎರಡಕ್ಕೂ ಸಂಬಂಧವೇ ಇಲ್ಲ.

ದನದ_ಡಾಕ್ಟ್ರು
ಸರಿಯಾಗಿ ಹೇಳಿದಿರಿ, ಹೆಜ್‌ಹಾಗೇ. ಕೆಲವರು ಮುಳ್ಳಿಲಿ ಅಂತಾರೆ, ಅದೂ ಇಲಿ ಅಲ್ಲ. ಇನ್ನು ಮುಂದೆ ಹೆಜ್‌ಹಾಗ್ ಅಂತಲೇ ಬರೆಯುತ್ತೇನೆ.

ಮಳೆಬಿಲ್ಲು
ಇಷ್ಟು ಚೆಂದದ ಪ್ರಾಣಿಗೆ ಕನ್ನಡದಲ್ಲಿ ಅದರದೇ ಒಂದು ಹೆಸರು ಬಳಕೆಯಲ್ಲಿ ನಿಲ್ಲಲಿಲ್ಲವಲ್ಲ, ಬೇಜಾರು. ಮುಳ್ಳುಚೆಂಡು ಅನ್ನಬಹುದಿತ್ತು.

ನೀಲಿಕುರಿಂಜಿ
ಮುಳ್ಳುಚೆಂಡು ಚೆನ್ನಾಗಿದೆ!

ದನದ_ಡಾಕ್ಟ್ರು
ಕಥೆ ಇನ್ನೂ ಮುಗಿದಿಲ್ಲ. ಎಂಆರ್‌ಎಸ್‌ಎ ಹೆಸರು ಕೇಳಿರುತ್ತೀರಿ. ಪೆನಿಸಿಲಿನ್ ಜಾತಿಯದೇ ಆದ ಮೆಥಿಸಿಲಿನ್ ಮತ್ತು ಅದರ ಬಳಗದ ಔಷಧಕ್ಕೆ ಜಗ್ಗದ ಸ್ಟೆಫೈಲೊಕಾಕಸ್. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ, ಅದಾಗಿ ಒಂದೆರಡು ವರ್ಷದೊಳಗೆ ಬ್ರಿಟನ್ನಿನಲ್ಲಿ ಜಗ್ಗದ ತಳಿ ಸಿಕ್ಕಿತು. ಔಷಧ ಬಳಸಿದ್ದಕ್ಕೇ ಇದು ಹುಟ್ಟಿತು ಅಂತ ಎಲ್ಲರೂ ನಂಬಿದ್ದರು.

2011ರಲ್ಲಿ ಇದರದ್ದೇ ಇನ್ನೊಂದು ಬಗೆ ಗೊತ್ತಾಯಿತು. ಮೆಕ್-ಸಿ ಅನ್ನುವ ಜೀನ್ ಇರುವ ಎಂಆರ್‌ಎಸ್‌ಎ. ಅದು ಹಾಲು ಕೊಡುವ ಹಸುಗಳಲ್ಲೂ ಮನುಷ್ಯರಲ್ಲೂ ಸಿಕ್ಕಿತು. ಆಗ ನಮ್ಮ ಕಡೆಗೇ ಬೆರಳು ತೋರಿಸಿದ್ದರು, ಹಸುಗಳಿಗೆ ಆಂಟಿಬಯೋಟಿಕ್ ಜಾಸ್ತಿ ಕೊಟ್ಟಿದ್ದೇ ಕಾರಣ ಅಂತ. ಆದರೆ 2022ರಲ್ಲಿ ನೇಚರ್‌ನಲ್ಲೇ ಬಂದ ದೊಡ್ಡ ಅಧ್ಯಯನ ಬೇರೆಯೇ ಹೇಳಿತು. ಯುರೋಪಿನ ಹಲವು ದೇಶ ಮತ್ತು ನ್ಯೂಜಿಲೆಂಡಿನ ಹೆಜ್‌ಹಾಗ್‌ಗಳನ್ನು ಪರೀಕ್ಷಿಸಿದರು. ಡೆನ್ಮಾರ್ಕ್, ಸ್ವೀಡನ್ನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಾಣಿಗಳ ಮೈಮೇಲೆ ಈ ಎಂಆರ್‌ಎಸ್‌ಎ ಇತ್ತು. ಅವುಗಳ ಫಂಗಸ್ ಎರಡು ಬಗೆಯ ಬೀಟಾ-ಲ್ಯಾಕ್ಟಮ್ ಆಂಟಿಬಯೋಟಿಕ್ ತಯಾರಿಸುತ್ತೆ ಅಂತಲೂ ತೋರಿಸಿದರು. ಪೆನಿಸಿಲಿನ್ ಅದೇ ಬಳಗದ್ದು. ಬ್ಯಾಕ್ಟೀರಿಯಾದ ಜೀನ್‌ಗಳನ್ನು ಹೋಲಿಸಿ ಲೆಕ್ಕ ಹಾಕಿದಾಗ ಈ ತಳಿಗಳು 1800ರ ದಶಕಗಳಷ್ಟು ಹಿಂದೆಯೇ ಹುಟ್ಟಿದ್ದವು ಅಂತ ಗೊತ್ತಾಯಿತು. ಫ್ಲೆಮಿಂಗ್ ಹುಟ್ಟಿದ್ದೇ 1881ರಲ್ಲಿ!

ಹೊಸಹಾದಿ
ಹಾಗಾದರೆ ಆಂಟಿಬಯೋಟಿಕ್ ಜಾಸ್ತಿ ತಗೊಂಡರೆ ರೋಗಾಣು ಬಲವಾಗುತ್ತೆ ಅಂತ ಎಲ್ಲರೂ ಹೆದರಿಸುವುದು ಯಾಕೆ? ಪ್ರಕೃತಿಯಲ್ಲೇ ಅದು ಮೊದಲಿಂದ ಇದೆ ಅಂದಮೇಲೆ ನಮ್ಮ ತಪ್ಪೇನು? ನನ್ನ ಪ್ರಕಾರ ಇದನ್ನು ಸುಮ್ನೆ ದೊಡ್ಡದು ಮಾಡ್ತಾರೆ.

ಚರ್ಮದ_ಡಾಕ್ಟರ್
ಹೊಸಹಾದಿ ಅವರೇ, ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಕಿಡಿ ಮೊದಲಿಂದ ಇತ್ತು ಅಂತ ಸೀಮೆಎಣ್ಣೆ ಸುರಿಯಬಹುದಾ?

ಲ್ಯಾಬ್_ಕಿಟಕಿ
ಡಾಕ್ಟರ್ ಹೇಳಿದ್ದು ಸರಿ. ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದ ಗುಣ ಹಳೆಯದು ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಪೆನಿಸಿಲಿನ್ ಒಡೆಯುವ ಕಿಣ್ವದ ಬಗ್ಗೆ ಆಕ್ಸ್‌ಫರ್ಡ್‌ನ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ಬರೆದದ್ದು 1940ರಲ್ಲಿ. ಅದೇ ಆಕ್ಸ್‌ಫರ್ಡ್‌ನವರು ಮೊದಲ ರೋಗಿಗೆ ಪೆನಿಸಿಲಿನ್ ಕೊಟ್ಟು ನೋಡಿದ್ದು 1941ರಲ್ಲಿ. ಅಂದರೆ ಔಷಧ ರೋಗಿಗೆ ಮುಟ್ಟುವ ಮೊದಲೇ ಅದನ್ನು ಒಡೆಯುವ ಕಿಣ್ವ ಸಿಕ್ಕಿತ್ತು. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಇಂಥ ಜೀನ್‌ಗಳು ಸಿಕ್ಕಿವೆ, 2011ರಲ್ಲಿ.

ಆದರೆ ಎಲ್ಲೋ ಪೊದೆಯಲ್ಲಿ, ಒಂದು ಪ್ರಾಣಿಯ ಬೆನ್ನ ಮೇಲೆ ಇದ್ದದ್ದು ಬೇರೆ. ಆಸ್ಪತ್ರೆಯ ಹಾಸಿಗೆ ಹಾಸಿಗೆಗೂ ಹರಡುವುದು ಬೇರೆ. ಫಂಗಸ್ ಬಿಡುವುದು ತನ್ನ ಸುತ್ತಮುತ್ತ ಮಾತ್ರ. ನಾವು ಟನ್‌ಗಟ್ಟಲೆ ಬಳಸುತ್ತೇವೆ. ಮನುಷ್ಯರಲ್ಲಿ ಸಿಗುವ ಎಂಆರ್‌ಎಸ್‌ಎಯಲ್ಲಿ ಈ ಮೆಕ್-ಸಿ ಬಗೆಯದು ತೀರಾ ಸಣ್ಣ ಪಾಲು. ಉಳಿದದ್ದಕ್ಕೆ ನಮ್ಮ ಬಳಕೆಯೇ ದೊಡ್ಡ ಕಾರಣ.

ಹೊಸಹಾದಿ
ಸರಿ, ಹರಡುವುದಕ್ಕೆ ನಾವು ಕಾರಣ ಅಂತ ಒಪ್ಪುತ್ತೇನೆ. ಆದರೆ ಹುಟ್ಟಿಗೆ ನಾವು ಕಾರಣ ಅಲ್ಲ ಅನ್ನುವುದನ್ನೂ ಜನರಿಗೆ ಹೇಳಬೇಕು. ಅರ್ಧ ವಿಷಯ ಹೇಳಿದರೆ ನನ್ನಂಥವರಿಗೆ ನಂಬಿಕೆ ಹೋಗುತ್ತೆ.

ಲ್ಯಾಬ್_ಕಿಟಕಿ
ಈ ಮಾತು ನಾನೂ ಒಪ್ಪುತ್ತೇನೆ.

ಕಾಡುಸಂಪಿಗೆ
ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಧನ್ಯವಾದ. ಆದರೆ ನನ್ನ ಅಲರ್ಜಿ ವಿಷಯ? ಫಂಗಸ್‌ನಿಂದಲೇ ಬಂತು ಅನ್ನಬಹುದಾ?

ಚರ್ಮದ_ಡಾಕ್ಟರ್
ಕ್ಷಮಿಸಿ, ನಿಮ್ಮ ಪ್ರಶ್ನೆಯನ್ನೇ ಮರೆತು ಎಲ್ಲೋ ಹೋದೆವು.

ಅರ್ಧ ಗಂಟೆಯೊಳಗೆ ದದ್ದು, ತುಟಿ ಊತ ಅಂದರೆ ಅದು ತಕ್ಷಣದ ಅಲರ್ಜಿ. ಇಂಥದ್ದು ಬರಲು ಮೈಗೆ ಆ ವಸ್ತುವಿನ ಪರಿಚಯ ಮೊದಲೇ ಆಗಿರಬೇಕು. ಮೊದಲ ಭೇಟಿಯಲ್ಲಿ ಮೈ ಐಜಿಇ ಅನ್ನುವ ಪ್ರತಿಕಾಯ ತಯಾರು ಮಾಡಿಟ್ಟುಕೊಳ್ಳುತ್ತೆ, ಮುಂದಿನ ಭೇಟಿಯಲ್ಲಿ ಅದು ಸಿಡಿಯುತ್ತೆ. ಹಾಗಾದರೆ "ಮೊದಲ ಸಲ" ತಗೊಂಡವರಿಗೆ ಹೇಗೆ ಬಂತು? ಈ ಪ್ರಶ್ನೆ ಪೆನಿಸಿಲಿನ್ ಬಳಕೆಗೆ ಬಂದ ಹೊಸತರಲ್ಲೇ ಎದ್ದಿತ್ತು. ಪೆಕ್ ಮತ್ತು ಅವರ ಜೊತೆಯವರು 1940ರ ದಶಕದಲ್ಲೇ ಚರ್ಮದ ಫಂಗಸ್ ಕಡೆ ಕೈ ತೋರಿಸಿದರು. ಬೆರಳ ಸಂದಿಯ ಫಂಗಸ್ ಸ್ವಲ್ಪ ಸ್ವಲ್ಪ ಪೆನಿಸಿಲಿನ್ ಬಿಡುತ್ತಾ ಮೈಯನ್ನು ಎಚ್ಚರಿಸಿ ಇಟ್ಟಿರುತ್ತೆ ಅನ್ನುವ ವಾದ.

ವಾದ ಚೆನ್ನಾಗಿದೆ, ಸಾಧ್ಯವೂ ಇದೆ. ಆದರೆ ಒಬ್ಬ ರೋಗಿಯನ್ನು ತೋರಿಸಿ "ನಿಮಗೆ ಇದರಿಂದಲೇ ಬಂತು" ಅನ್ನಲು ಆಗುವುದಿಲ್ಲ. ಚಿಕ್ಕಂದಿನಲ್ಲಿ ಯಾವುದೋ ಜ್ವರಕ್ಕೆ ಕೊಟ್ಟ ಸಿರಪ್ ಅಮ್ಮನಿಗೂ ಮರೆತಿರಬಹುದು. ಔಷಧ ಕೊಟ್ಟ ಹಸುವಿನ ಹಾಲಿನಲ್ಲಿ ಉಳಿದ ಅಂಶವೂ ಇರಬಹುದು.

ನಿಮಗೆ ಮುಖ್ಯವಾದದ್ದು ಇದು. ಮನೆಯಲ್ಲಿ "ಇನ್ನೊಂದು ಸಲ ನೋಡೋಣ" ಅಂತ ಆ ಮಾತ್ರೆ ಖಂಡಿತ ನುಂಗಬೇಡಿ. ಹಾಗೇ "ನನಗೆ ಪೆನಿಸಿಲಿನ್ ಆಗಲ್ಲ" ಅಂತ ಜೀವನಪೂರ್ತಿ ಬರೆದಿಟ್ಟುಕೊಂಡೂ ಕೂರಬೇಡಿ. ನಾಲ್ಕರಿಂದ ಆರು ವಾರ ಬಿಟ್ಟು ಅಲರ್ಜಿ ತಜ್ಞರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಪೆನಿಸಿಲಿನ್ ಅಲರ್ಜಿ ಇದೆ ಅಂತ ಹೇಳಿಕೊಳ್ಳುವವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಪರೀಕ್ಷೆ ಮಾಡಿದಾಗ ಅಲರ್ಜಿ ಇರುವುದಿಲ್ಲ. ನಿಜವಾಗಿ ಇದ್ದವರಲ್ಲೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಹೋಗಿರುತ್ತೆ.

ಮಳೆಬಿಲ್ಲು
ನನ್ನ ತಂಗಿಗೂ ಅಮಾಕ್ಸಿಸಿಲಿನ್‌ನಿಂದ ದದ್ದು ಬಂದಿತ್ತು, ಆದರೆ ಐದು ದಿನ ಆದಮೇಲೆ. ಅದೂ ಹೀಗೇನಾ?

ಚರ್ಮದ_ಡಾಕ್ಟರ್
ಅದು ಬೇರೆ ಬಗೆ ಇರಬಹುದು. ಕೆಲವು ವೈರಸ್ ಜ್ವರದಲ್ಲಿ, ಅದರಲ್ಲೂ ಎಪ್‌ಸ್ಟೈನ್-ಬಾರ್ ವೈರಸ್ ಇದ್ದಾಗ, ಅಮಾಕ್ಸಿಸಿಲಿನ್ ಕೊಟ್ಟರೆ ಕೆಲವು ದಿನ ಬಿಟ್ಟು ಮೈತುಂಬ ಕೆಂಪು ದದ್ದು ಏಳುತ್ತೆ. ಅದು ಹೆಚ್ಚಿನ ಸಲ ನಿಜವಾದ ಪೆನಿಸಿಲಿನ್ ಅಲರ್ಜಿ ಆಗಿರುವುದಿಲ್ಲ. ಅವರಿಗೂ ಒಮ್ಮೆ ತೋರಿಸಿ.

ಇಬ್ಬನಿ
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿತ್ತು. ಔಷಧ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಮೂರು ದಿನಕ್ಕೆ ತುರಿಕೆ ಹೋಯ್ತು. ನಿಲ್ಲಿಸಿದ ವಾರಕ್ಕೆ ಎರಡರಷ್ಟು ಅಗಲ ಬಂತು. ಎಂಟು ತಿಂಗಳು ಹೀಗೇ ಮಾಡಿದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಸ್ಟೀರಾಯ್ಡ್ ಇತ್ತು.

ಚರ್ಮದ_ಡಾಕ್ಟರ್
ಇಬ್ಬನಿ, ನೀವು ಬರೆದದ್ದು ಒಳ್ಳೆಯದಾಯಿತು. ಸ್ಟೀರಾಯ್ಡ್ ತುರಿಕೆ, ಕೆಂಪು ಕಡಿಮೆ ಮಾಡುತ್ತೆ, ಫಂಗಸ್ಸನ್ನು ಮುಟ್ಟುವುದಿಲ್ಲ. ಚರ್ಮದ ಕಾವಲು ಕಡಿಮೆಯಾಗಿ ಫಂಗಸ್ ಆರಾಮಾಗಿ ಬೆಳೆಯುತ್ತೆ. ಇದರ ಮೇಲೆ ಟರ್ಬಿನಫೈನ್ ಅನ್ನುವ ಫಂಗಸ್ ಔಷಧಕ್ಕೆ ಜಗ್ಗದ ಹೊಸ ಫಂಗಸ್ ಕೂಡ ಬಂದಿದೆ, 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಟ್ಯೂಬ್ ಮೇಲೆ ಬರೆದ ಹೆಸರುಗಳನ್ನು ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಹುಳುಕಡ್ಡಿಗೆ ಹಚ್ಚಬೇಡಿ.

ಅರಳಿಕಟ್ಟೆ
ಫಂಗಸ್ ತಯಾರಿಸುವುದು ಪೆನಿಸಿಲಿನ್ ಒಂದೇನಾ? ಬೇರೆ ಏನಾದರೂ ಇದೆಯಾ?

ಲ್ಯಾಬ್_ಕಿಟಕಿ
ಇದೆ. ಫ್ಯುಸಿಡಿಕ್ ಆ್ಯಸಿಡ್ ಅನ್ನುವ ಮುಲಾಮು ಗೊತ್ತಿರಬಹುದು, ಕೀವು ಗುಳ್ಳೆಗೆ ಹಚ್ಚುತ್ತಾರೆ. ಅದು ಔಷಧವಾಗಿ ಬಂದದ್ದು 1960ರ ದಶಕದ ಶುರುವಿನಲ್ಲಿ, ಡೆನ್ಮಾರ್ಕಿನಲ್ಲಿ, ಫ್ಯುಸಿಡಿಯಮ್ ಅನ್ನುವ ಬೇರೆ ಫಂಗಸ್ಸಿನಿಂದ. ಆಮೇಲೆ ನೋಡಿದರೆ ಅದೇ ಬಳಗದ ವಸ್ತು ಕೆಲವು ಡರ್ಮಟೊಫೈಟ್‌ಗಳಲ್ಲೂ ಇತ್ತು. ಅದು ಪೆನಿಸಿಲಿನ್ ಹಾಗೆ ಗೋಡೆಗೆ ಹೊಡೆಯುವುದಿಲ್ಲ, ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನು ತಡೆಯುತ್ತೆ.

ಹುಳುಕಡ್ಡಿಗೆ ನುಂಗಲು ಕೊಡುವ ಗ್ರಿಸಿಯೊಫುಲ್ವಿನ್ ಕೂಡ ಒಂದು ಪೆನಿಸಿಲಿಯಮ್ ಬೂಷ್ಟಿನಿಂದಲೇ ಬಂದದ್ದು, 1939ರಲ್ಲಿ. ಒಂದು ಫಂಗಸ್ ತಯಾರಿಸಿದ್ದು ಇನ್ನೊಂದು ಫಂಗಸ್ಸನ್ನು ಹಿಡಿದು ನಿಲ್ಲಿಸುತ್ತೆ. ಇದನ್ನು ಎಷ್ಟು ಸಲ ಓದಿದರೂ ನನಗೆ ಖುಷಿಯಾಗುತ್ತೆ.

ನೀಲಿಕುರಿಂಜಿ
ಲ್ಯಾಬಿನಲ್ಲಿ ಇದು ಕಣ್ಣಿಗೆ ಕಾಣುತ್ತಾ?

ಲ್ಯಾಬ್_ಕಿಟಕಿ
ಕಾಣುತ್ತೆ. ತಟ್ಟೆಯ ತುಂಬ ಸ್ಟೆಫೈಲೊಕಾಕಸ್ ಹರಡಿ, ನಡುವೆ ಫಂಗಸ್ ಬೆಳೆದ ಅಗಾರ್ ಜೆಲ್ಲಿಯ ಒಂದು ಬಿಲ್ಲೆ ಇಟ್ಟು ಒಂದು ರಾತ್ರಿ ಬಿಡಬೇಕು. ತಯಾರಿಸುವ ತಳಿ ಆಗಿದ್ದರೆ ಬೆಳಿಗ್ಗೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ಉಂಗುರ ಇರುತ್ತೆ. ಓದುವಾಗ ಮೇಡಂ ಮಾಡಿ ತೋರಿಸಿದ್ದರು. ನಾನು ಈ ಕೆಲಸಕ್ಕೇ ಬರಬೇಕು ಅಂತ ಅಂದುಕೊಂಡದ್ದು ಆ ಉಂಗುರ ನೋಡಿ.

ಆದರೆ ತಟ್ಟೆಯಲ್ಲಿ ಎಷ್ಟು ತಯಾರಿಸುತ್ತೋ ಚರ್ಮದ ಮೇಲೂ ಅಷ್ಟೇ ತಯಾರಿಸುತ್ತೆ ಅನ್ನುವ ಹಾಗಿಲ್ಲ. ತಟ್ಟೆಯಲ್ಲಿ ನಾವು ಗ್ಲೂಕೋಸ್, ಪೆಪ್ಟೋನ್ ಹಾಕಿ ಸಾಕಿರುತ್ತೇವೆ.

ಕಾಡುಸಂಪಿಗೆ
ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಚರ್ಮದ ಪರೀಕ್ಷೆ ಮಾಡಿಸಿದೆ. ಅಲರ್ಜಿ ನಿಜವಾಗಿಯೂ ಇದೆ. ಒಂಬತ್ತು ಜನರ ಸಾಲಿನಲ್ಲಿ ಇರುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಪರ್ಸಿನಲ್ಲಿ ಇಟ್ಟುಕೊಳ್ಳಲು ಒಂದು ಚೀಟಿ ಕೊಟ್ಟರು.

ಬೆರಳ ಸಂದಿಯಿಂದ ಕೆರೆದು ಕಲ್ಚರ್‌ಗೂ ಕಳಿಸಿದ್ದರು. ಮೂರು ವಾರ ಹಿಡಿಯಿತು. ಕ್ರೀಮ್ ಹಚ್ಚುತ್ತಿದ್ದೇನೆ, ಸಂದಿ ಒಣಗಿದೆ. ಡಾಕ್ಟರ್ ಹೇಳಿದ ದಿನದವರೆಗೂ ನಿಲ್ಲಿಸುವುದಿಲ್ಲ.

ಲ್ಯಾಬ್_ಕಿಟಕಿ
ಅಕ್ಕಾ, ಕಲ್ಚರ್‌ನಲ್ಲಿ ಯಾವುದು ಬೆಳೆಯಿತು?

ಕಾಡುಸಂಪಿಗೆ
ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪು ಅಂತ ಬರೆದಿದ್ದಾರೆ.

ಲ್ಯಾಬ್_ಕಿಟಕಿ
ನಿಮ್ಮ ಡಾಕ್ಟರ್ ಒಪ್ಪಿದರೆ ಆ ತಟ್ಟೆ ಬಿಸಾಡಬೇಡಿ ಅಂತ ಲ್ಯಾಬಿನವರಿಗೆ ಹೇಳಿಸಿ. ಒಂದು ಬಿಲ್ಲೆ ಇಟ್ಟು, ಪೆನಿಸಿಲಿನ್ ಒಡೆಯುವ ಕಿಣ್ವವನ್ನೂ ಸೇರಿಸಿ ನೋಡಿದರೆ ಅದು ಪೆನಿಸಿಲಿನ್ ಥರದ್ದು ತಯಾರಿಸುವ ತಳಿಯಾ ಅನ್ನುವುದಾದರೂ ಗೊತ್ತಾಗುತ್ತೆ.

ಕಾಡುಸಂಪಿಗೆ
ಈಗಲೇ ಫೋನ್ ಮಾಡ್ತೀನಿ.